ಗಾಡಿಗೆ ದಮ್ಮು ಹತ್ತಿದಾಗ: ಟೈಮಿಂಗ್ ಬೆಲ್ಟ್ ಮತ್ತು ನಮ್ಮ ಡೀಸೆಲ್ ಕಾರು

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ತಿಂಗಳ ಮಾತು ನೀವು ಆಡಬೇಕು ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ, ವಿಷಯ ಯಾವುದು ಎಂದು ಕೇಳಿದರು. ಟೈಮಿಂಗ್ ಬೆಲ್ಟ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಸೊಂಟದ ಬೆಲ್ಟೇ? ಬೆನ್ನುನೋವಿನದೇ?" ಎಂದರು! ಅಲ್ಲ, ಕಾರಿನ ಎಂಜಿನ್ನಿನ ಒಳಗೆ ಇರುವ ಬೆಲ್ಟ್. ಹಬ್ಬದ ಅಡುಗೆ, ಮೊಣಕಾಲು ನೋವು, ಮಕ್ಕಳ ಪರೀಕ್ಷೆ, ಉಯಿಲು ಬರೆಯುವ ಬಗೆ, ಎಲ್ಲವನ್ನೂ ಇದೇ ಹಾಲಿನಲ್ಲಿ ಕೇಳಿದ್ದೇವೆ. ಇವತ್ತು ಅರ್ಧ ಗಂಟೆ ಬಾನೆಟ್ ಎತ್ತಿ ನೋಡೋಣ.

ನಾನು ಎಂಜಿನಿಯರ್ ಅಲ್ಲ. ನೌಕರಿ ಇದ್ದಷ್ಟು ವರ್ಷ ಲೆಕ್ಕಪತ್ರದ ವಿಭಾಗದಲ್ಲಿ ಕೂತವಳು. ತವರು ಧಾರವಾಡ, ಮದುವೆಯಾದ ಮೇಲೆ ಡೊಂಬಿವಲಿ. ನಮ್ಮ ಮನೆಯವರಿಗೆ ಕಣ್ಣಿನ ತೊಂದರೆ ಶುರುವಾದ ಮೇಲೆ ಸ್ಟೀರಿಂಗ್ ನನ್ನ ಕೈಗೆ ಬಂತು. ಗಾಡಿ ಹತ್ತು ವರ್ಷ ಹಳೆಯದು, ಡೀಸೆಲ್, ಕಲ್ಯಾಣ್ ಆರ್‌ಟಿಓದ ಎಂ.ಎಚ್. 05 ನಂಬರು. ಅದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಟ್ಯಾಂಕ್ ತುಂಬಿಸಿದ ಪ್ರತಿ ಸಲ ತಾರೀಕು, ಕಿಲೋಮೀಟರು, ಎಷ್ಟು ಲೀಟರು, ಎಷ್ಟು ದುಡ್ಡು ಎಂದು ಬರೆಯುತ್ತೇನೆ. ಹಾಲಿನವನ ಲೆಕ್ಕ ಬರೆದಿಡುವ ಹಾಗೆ. ಮಕ್ಕಳು ನಗುತ್ತಿದ್ದರು. ಕೊನೆಗೆ ಆ ನೋಟ್‌ಬುಕ್ಕೇ ನಮ್ಮ ಕೈ ಹಿಡಿಯಿತು. ಅದನ್ನು ಹೇಳಲಿಕ್ಕೇ ಬಂದಿದ್ದೇನೆ.

ಕಳೆದ ವರ್ಷ ಅವ್ವನನ್ನು ಕಣ್ಣಿನ ಪೊರೆಯ ಆಪರೇಷನ್ನಿಗೆ ಇಲ್ಲಿಗೆ ಕರೆತಂದಿದ್ದೆವು. ದೀಪಾವಳಿಗೆ ಮೊದಲು ವಾಪಸು ಧಾರವಾಡಕ್ಕೆ ಬಿಡಬೇಕಿತ್ತು. ಸುಮಾರು 550 ಕಿಲೋಮೀಟರ್ ದಾರಿ. ದೂರದ ಪ್ರಯಾಣ, ಹಳೆಯ ಗಾಡಿ, ಆದ್ದರಿಂದ ಮೊದಲೇ ಸರ್ವೀಸ್ ಮಾಡಿಸೋಣ ಎಂದು ಮನೆಯ ಹತ್ತಿರದ ಒಂದು ಗ್ಯಾರೇಜಿಗೆ ಕೊಟ್ಟೆ. "ಮ್ಯಾಡಮ್, ಟೈಮಿಂಗ್ ಬೆಲ್ಟ್ ಒಮ್ಮೆಯೂ ಬದಲಾಯಿಸಿಲ್ಲ, ವರ್ಷ ಜಾಸ್ತಿ ಆಗಿದೆ" ಎಂದರು. ಅದು ನಿಜವಾದ ಮಾತು, ಒಳ್ಳೆಯ ಸಲಹೆ. ಬೆಲ್ಟಿನ ಜೊತೆಗೆ ಟೆನ್ಷನರ್, ಪುಲ್ಲಿ ಎಲ್ಲ ಸೇರಿದ ಕಿಟ್ ಹಾಕಬೇಕು ಎಂದೂ ಹೇಳಿದರು. ರೇಟು ಕೇಳಿ ನಾನು, "ಕಿಟ್ ಬೇಡ, ಬರೀ ಬೆಲ್ಟ್ ಸಾಕು" ಎಂದೆ. ಇದು ನನ್ನ ತಪ್ಪು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮರುದಿನ ಸಂಜೆ ಗಾಡಿ ಬಂತು. ಬೆಳಿಗ್ಗೆ ಕೀ ತಿರುಗಿಸಿದರೆ, ಮೊದಲು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ನಾಲ್ಕೈದು ಸೆಕೆಂಡು ಗುರುಗುಟ್ಟಿ ಆಮೇಲೆ ಎದ್ದಿತು. ಹಿಂದೆ ಬಿಳಿ ಹೊಗೆ. ಸೊಸೈಟಿಯ ಗೇಟಿನ ಸಣ್ಣ ಏರಿನಲ್ಲೇ ಎಳೆತ ಕಡಿಮೆ ಅನಿಸಿತು. ಗ್ಯಾರೇಜಿಗೆ ಫೋನ್ ಮಾಡಿದರೆ, "ಬೆಲ್ಟ್ ನವೀನ್ ಆಹೇ ಮ್ಯಾಡಮ್, ಸೆಟ್ ಹೋಯಿಲ್. ಐನೂರು ಕಿಲೋಮೀಟರ್ ಓಡಿಸಿ" ಎಂಬ ಉತ್ತರ. ಮನೆಯವರೂ, "ನಿನಗೆ ಹಾಗನಿಸ್ತದ ಅಷ್ಟೇ. ದುಡ್ಡು ಕೊಟ್ಟ ಮೇಲೆ ಎಲ್ಲಾದರಾಗೂ ಕೊರತೆ ಕಾಣಿಸ್ತದ" ಎಂದರು. ನಾನೂ ಹೌದೇನೋ ಎಂದುಕೊಂಡೆ.

ಹದಿನೈದು ದಿನದಲ್ಲಿ ನೋಟ್‌ಬುಕ್ ಬೇರೆ ಮಾತು ಹೇಳಿತು. ಆವರೆಗೆ ಲೀಟರಿಗೆ 17 ಕಿಲೋಮೀಟರಿಗಿಂತ ಕಡಿಮೆ ಬಂದದ್ದೇ ಅಪರೂಪ. ಬೆಲ್ಟ್ ಹಾಕಿದ ಮೇಲಿನ ಎರಡು ಟ್ಯಾಂಕಿಗೆ 14 ಚಿಲ್ಲರೆ. ಅದೇ ರಸ್ತೆ, ಅದೇ ಚಾಲಕಿ, ಅದೇ ಪೆಟ್ರೋಲ್ ಪಂಪು. ಆದರೂ ಹಬ್ಬ ಹತ್ತಿರ ಬಂದಿತ್ತು, ಹೊರಟುಬಿಟ್ಟೆವು.

ಬೆಳಗಿನ ಜಾವ ಕಲ್ಯಾಣ್-ಶಿಳ್ ರಸ್ತೆ ಹಿಡಿದು ಎಕ್ಸ್‌ಪ್ರೆಸ್‌ವೇ ಸೇರಿದೆವು. ಸಮತಟ್ಟು ಇರುವವರೆಗೆ ತೊಂದರೆ ಗೊತ್ತಾಗಲಿಲ್ಲ. ಖಂಡಾಳಾ ಘಾಟಿನ ಏರು ಶುರುವಾಯಿತು ನೋಡಿ, ಯಾವಾಗಲೂ ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಮೂರಕ್ಕೆ ಇಳಿಸಿದೆ, ಆಮೇಲೆ ಎರಡಕ್ಕೆ. ಆಕ್ಸಲರೇಟರ್ ಪೂರಾ ಒತ್ತಿದರೂ ಗಾಡಿ ಏಳದು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕರಿ ಹೊಗೆ, ಅದರ ಹಿಂದೆ ಹಾರ್ನ್ ಹೊಡೆಯುತ್ತಾ ಬರುತ್ತಿರುವ ಟ್ರಕ್ಕು. ಹಿಂದಿನ ಸೀಟಿನಲ್ಲಿದ್ದ ಅವ್ವ ಕಪ್ಪು ಕನ್ನಡಕ ಸರಿಮಾಡಿಕೊಂಡು ಕೇಳಿದಳು, "ಯಾಕವಾ, ನಿನ್ನ ಗಾಡಿಗೆ ದಮ್ಮು ಹತ್ತೈತೇನು?"

ಕಾರಿನ ಬಗ್ಗೆ ಏನೂ ಗೊತ್ತಿರದ ಎಂಬತ್ತರ ಮುದುಕಿ ಒಂದೇ ಮಾತಿನಲ್ಲಿ ರೋಗ ಹೇಳಿಬಿಟ್ಟಿದ್ದಳು. ಗಾಡಿಗೆ ಉಸಿರು ಸಾಲುತ್ತಿರಲಿಲ್ಲ. ಅದು ಹೇಗೆ ಎಂದು ಈಗ ಹೇಳುತ್ತೇನೆ.

ನಮ್ಮಲ್ಲಿ ಬಹಳ ಮಂದಿಗೆ ಹೊಲಿಗೆ ಯಂತ್ರ ಗೊತ್ತು. ಸೂಜಿ ದಾರ ಹಿಡಿದು ಬಟ್ಟೆಯೊಳಗೆ ಇಳಿಯುತ್ತದೆ. ಮೇಲೆ ಏಳಲು ಶುರುಮಾಡಿದ ಆ ಕ್ಷಣಕ್ಕೆ ದಾರ ಒಂದು ಸಣ್ಣ ಕುಣಿಕೆಯಾಗುತ್ತದೆ. ಸರಿಯಾಗಿ ಆಗಲೇ ಕೆಳಗಿನ ಶಟಲಿನ ಕೊಕ್ಕೆ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ಕೂದಲೆಳೆಯಷ್ಟು ಹಿಂದುಮುಂದಾದರೆ ಹೊಲಿಗೆ ತಪ್ಪುತ್ತದೆ. ಇನ್ನೂ ಹೆಚ್ಚು ತಪ್ಪಿದರೆ ಸೂಜಿ ಕೊಕ್ಕೆಗೆ ಬಡಿದು ಮುರಿಯುತ್ತದೆ. ಯಂತ್ರಕ್ಕೆ ಎಣ್ಣೆ ಹಾಕಿ, ಹೊಸ ಸೂಜಿ ಹಾಕಿ, ಏನು ಮಾಡಿದರೂ ಟೈಮಿಂಗ್ ಕೂಡದೆ ಹೊಲಿಗೆ ಬರದು.

ಎಂಜಿನ್ನಿನಲ್ಲೂ ಹೀಗೆಯೇ. ಕೆಳಗೆ ಪಿಸ್ಟನ್ನುಗಳು ಏರಿಳಿಯುತ್ತವೆ. ಅವುಗಳ ಏರಿಳಿತವನ್ನು ತಿರುಗುವ ಶಕ್ತಿಯಾಗಿ ಮಾಡುವುದು ಕ್ರ್ಯಾಂಕ್‌ಶಾಫ್ಟ್. ಮೇಲೆ ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಸಣ್ಣ ಬಾಗಿಲುಗಳಿವೆ. ಅವೇ ವಾಲ್ವ್‌ಗಳು. ಆ ಬಾಗಿಲು ತೆಗೆದು ಮುಚ್ಚಿಸುವುದು ಕ್ಯಾಮ್‌ಶಾಫ್ಟ್. ಕೆಳಗಿನದು ಎರಡು ಸುತ್ತು ತಿರುಗಿದಾಗ ಮೇಲಿನದು ಸರಿಯಾಗಿ ಒಂದು ಸುತ್ತು ತಿರುಗಬೇಕು. ಎರಡನ್ನೂ ಈ ಲೆಕ್ಕದಲ್ಲಿ ಕಟ್ಟಿಹಾಕಿರುವುದೇ ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವ್ ನಿಮಿಷಕ್ಕೆ ಸಾವಿರ ಸಲ, ಅಂದರೆ ಸೆಕೆಂಡಿಗೆ ಹದಿನಾರು ಹದಿನೇಳು ಸಲ ತೆರೆದು ಮುಚ್ಚುತ್ತದೆ. ಒಂದು ಸಲವೂ ಹೊತ್ತು ತಪ್ಪಬಾರದು.

ಹಿಂದೆ ಈ ಕೆಲಸಕ್ಕೆ ಗೇರು ಇಲ್ಲವೇ ಕಬ್ಬಿಣದ ಚೈನು ಇರುತ್ತಿತ್ತು. 1962ರಲ್ಲಿ ಜರ್ಮನಿಯ ಗ್ಲಾಸ್ ಎಂಬ ಕಂಪನಿ ತನ್ನ 1004 ಕಾರಿನಲ್ಲಿ ಹಲ್ಲಿನ ರಬ್ಬರ್ ಬೆಲ್ಟ್ ತಂದಿತು. ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ, ಅಗ್ಗ. ಆಮೇಲೆ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು. ನಮ್ಮ ಕರ್ನಾಟಕದ ಬಿಡದಿಯಲ್ಲಿ 2000ದಲ್ಲಿ ತಯಾರಾಗಿ ಬಂದ ಕ್ವಾಲಿಸ್, 2005ರಲ್ಲಿ ಬಂದ ಇನ್ನೋವಾ, ಎರಡರ ಡೀಸೆಲ್ ಎಂಜಿನ್ನಿಗೂ ಬೆಲ್ಟೇ. ಊರಿನ ಮದುವೆಗೆ, ಧರ್ಮಸ್ಥಳಕ್ಕೆ, ಪಂಢರಪುರಕ್ಕೆ ನಾವೆಲ್ಲ ಇಡೀ ಸಂಸಾರ ತುಂಬಿಕೊಂಡು ಹೋದ ಗಾಡಿಗಳು ಅವು. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಎಂಜಿನ್ನಿಗೆ ಚೈನು ಬಂತು. ಸ್ವಿಫ್ಟ್ ಡೀಸೆಲ್ಲಿನ 1.3 ಲೀಟರ್ ಎಂಜಿನ್ನಿಗೆ ಮೊದಲಿನಿಂದಲೂ ಚೈನು. ಡಸ್ಟರ್ ಡೀಸೆಲ್‌ಗೆ, ಪೋಲೋ ಡೀಸೆಲ್‌ಗೆ ಬೆಲ್ಟ್. ನಿಮ್ಮ ಗಾಡಿಯದು ಯಾವುದು ಎಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಇವತ್ತು ಮನೆಗೆ ಹೋಗಿ ಅದನ್ನೊಂದು ನೋಡಿ.

ಡೀಸೆಲ್ ಎಂಜಿನ್ನಿಗೆ ಈ ಟೈಮಿಂಗ್ ಯಾಕೆ ಅಷ್ಟು ಮುಖ್ಯ? ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್‌ನಲ್ಲಿ ಇಲ್ಲ. ಒಳಗೆ ಬಂದ ಗಾಳಿಯನ್ನು ಹದಿನಾರು ಹದಿನೆಂಟು ಪಾಲಿನಲ್ಲಿ ಒಂದು ಪಾಲಿಗೆ ಒತ್ತುತ್ತಾರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದಲ್ಲ, ಹಾಗೆ. ಇಲ್ಲಿ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆಗ ಡೀಸೆಲ್ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದಮೇಲೆ ಡೀಸೆಲ್ ಎಂಜಿನ್ನಿನ ಶಕ್ತಿಯೆಲ್ಲ ಗಾಳಿಯನ್ನು ಎಷ್ಟು ಚೆನ್ನಾಗಿ ಒತ್ತಿದೆವು ಎಂಬುದರ ಮೇಲೆ ನಿಂತಿದೆ.

ಈಗ ಬೆಲ್ಟ್ ಒಂದು ಹಲ್ಲು ಆಚೆ ಕೂತಿದೆ ಎಂದುಕೊಳ್ಳಿ. ಕೆಳಗಿನ ಚಕ್ರಕ್ಕೆ 20 ಹಲ್ಲು ಇದ್ದರೆ ಒಂದು ಹಲ್ಲು ಅಂದರೆ 18 ಡಿಗ್ರಿ ವ್ಯತ್ಯಾಸ. ಗಾಳಿಯ ಬಾಗಿಲು ಮುಚ್ಚಬೇಕಾದ ಹೊತ್ತಿಗೆ ಮುಚ್ಚದೆ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೇಳುವಾಗ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ವಾಪಸು ಹೊರಗೆ ಹೋಗುತ್ತದೆ. ಒತ್ತಲು ಉಳಿದ ಗಾಳಿ ಕಡಿಮೆ, ಕಾವು ಕಡಿಮೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನಿನಲ್ಲಿ ಡೀಸೆಲ್ ಸರಿಯಾಗಿ ಹೊತ್ತದೆ ಬಿಳಿ ಹೊಗೆಯಾಗಿ ಹೋಗುತ್ತದೆ. ಏರಿನಲ್ಲಿ ನಾವು ಆಕ್ಸಲರೇಟರ್ ಒತ್ತಿದಾಗ ಡೀಸೆಲ್ ಹೆಚ್ಚು ಬರುತ್ತದೆ, ಅದಕ್ಕೆ ತಕ್ಕ ಗಾಳಿ ಇಲ್ಲ, ಅರೆಬರೆ ಉರಿದು ಕರಿ ಹೊಗೆ. ಎಳೆತ ಇಲ್ಲ, ಮೈಲೇಜ್ ಇಲ್ಲ. ಒದ್ದೆ ಸೌದೆ ಹಾಕಿ ಒಲೆ ಊದಿದ ಹಾಗೆ. ಅವ್ವ ಹೇಳಿದ ದಮ್ಮು ಇದೇ.

ಹಳೆಯ ಇಂಡಿಕಾದಂಥ ಡೀಸೆಲ್ ಗಾಡಿಗಳಲ್ಲಿ ಇನ್ನೂ ಒಂದು ತೊಡಕು. ಅದೇ ಬೆಲ್ಟ್ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಯಾವ ಕ್ಷಣಕ್ಕೆ ಡೀಸೆಲ್ ಚಿಮುಕಿಸಬೇಕು ಎಂಬುದನ್ನು ಆ ಪಂಪು ತಿರುಗುವ ರೀತಿಯೇ ನಿರ್ಧರಿಸುತ್ತದೆ. ಅಲ್ಲಿ ತಪ್ಪಿದರೆ ಗಾಳಿಯ ಹೊತ್ತೂ ತಪ್ಪು, ಡೀಸೆಲ್ಲಿನ ಹೊತ್ತೂ ತಪ್ಪು. ಬೇಗ ಚಿಮುಕಿದರೆ ಒಳಗಿಂದ ಟಕಟಕ ಬಡಿತ, ತಡವಾದರೆ ಹೊಗೆ ಮತ್ತು ಸೊರಗು. ಈಗಿನ ಕಾಮನ್ ರೇಲ್ ಎಂಜಿನ್ನುಗಳಲ್ಲಿ ಡೀಸೆಲ್ ಚಿಮುಕಿಸುವ ಹೊತ್ತನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅದಕ್ಕೆ ಕ್ರ್ಯಾಂಕಿನ ಹತ್ತಿರ ಒಂದು, ಕ್ಯಾಮಿನ ಹತ್ತಿರ ಒಂದು ಸೆನ್ಸರ್ ಇರುತ್ತದೆ. ಆದರೆ ವಾಲ್ವ್‌ಗಳನ್ನು ಕಂಪ್ಯೂಟರ್ ತೆರೆಯುವುದಿಲ್ಲ. ಅವು ಬೆಲ್ಟಿನ ಅಧೀನದಲ್ಲೇ ಇವೆ. ಕಂಪ್ಯೂಟರ್ ಇದೆ, ಎಲ್ಲ ಸರಿಮಾಡಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಸೆನ್ಸರುಗಳ ಮಾತು ಒಂದಕ್ಕೊಂದು ತಾಳೆಯಾಗದಿದ್ದರೆ ಅದು ಮೆಮೊರಿಯಲ್ಲಿ ಒಂದು ದೂರು ಬರೆದಿಡಬಹುದು, ಅಷ್ಟೇ. ಸ್ಕ್ಯಾನರ್ ಹಾಕಿ ಯಾರಾದರೂ ಅದನ್ನು ಓದಬೇಕು.

ನಮ್ಮ ಕತೆಗೆ ಬರುತ್ತೇನೆ. ಘಾಟು ಹತ್ತಿಸಿ, ಎಸಿ ನಿಲ್ಲಿಸಿ, ಲೋಣಾವಳದಲ್ಲಿ ಚಹಾ ಕುಡಿದು, ನಿಧಾನವಾಗಿ ನಡೆದೆವು. ಪುಣೆ ದಾಟಿದ ಮೇಲೆ ಖಂಬಾಟ್ಕಿ ಘಾಟಿನಲ್ಲಿ ಮತ್ತೆ ಅದೇ ಪಾಡು. ನಿಪ್ಪಾಣಿ ಮುಟ್ಟಿ ಕನ್ನಡ ಬೋರ್ಡು ಕಂಡಾಗ ಬದುಕಿದೆ ಅನಿಸಿತು. ರಾತ್ರಿ ಅವ್ವನನ್ನು ಮನೆಗೆ ಸೇರಿಸಿ, ಮರುದಿನವೇ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ತಮ್ಮನ ಪರಿಚಯದ ಒಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ದೆ.

ಆ ಹುಡುಗ ಮೊದಲು ಕೇಳಿದ್ದು, "ಅಕ್ಕಾರ, ಇದು ಯಾವಾಗಿಂದ ಹಿಂಗ ಆಗೇತ್ರಿ?" ನಾನು ನೋಟ್‌ಬುಕ್ ತೆಗೆದು ಕೊಟ್ಟೆ. ಬೆಲ್ಟ್ ಹಾಕಿಸಿದ ತಾರೀಕು, ಅದರ ಮೊದಲಿನ ಮೈಲೇಜು, ಆಮೇಲಿನ ಮೈಲೇಜು. ಅವನು ಎರಡು ಪುಟ ತಿರುವಿ, "ಇದಕಿಂತ ಒಳ್ಳೆ ಸ್ಕ್ಯಾನರ್ ಇಲ್ರೀ" ಎಂದ. ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರು, ಏನೂ ಮಾತಾಡಲಿಲ್ಲ!

ನೇರವಾಗಿ ಬೆಲ್ಟಿಗೆ ಕೈ ಹಾಕಲಿಲ್ಲ ಅವನು. ಮೊದಲು ಎಲ್ಲ ಪೈಪು, ಎಲ್ಲ ಸೆನ್ಸರಿನ ಪ್ಲಗ್ಗು ಮುಟ್ಟಿ ಮುಟ್ಟಿ ನೋಡಿದ. ಬೆಲ್ಟ್ ಕೆಲಸಕ್ಕೆ ಅಕ್ಕಪಕ್ಕದ ಹತ್ತಾರು ಭಾಗ ಬಿಚ್ಚುತ್ತಾರೆ. ಟರ್ಬೋದ ಗಾಳಿಯ ಪೈಪು ಸಡಿಲ ಉಳಿದರೆ, ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಕೂಡ ಇದೇ ಲಕ್ಷಣ ಬರುತ್ತದೆ. ಅದೆಲ್ಲ ಸರಿ ಇದೆ ಎಂದಾದ ಮೇಲೆ ಸ್ಕ್ಯಾನರ್ ಹಾಕಿದ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿರಲಿಲ್ಲ, ಆದರೆ ಒಳಗೆ ಕ್ಯಾಮ್-ಕ್ರ್ಯಾಂಕ್ ತಾಳೆ ಇಲ್ಲ ಎಂಬ ದೂರು ಇತ್ತು. ಆಮೇಲೆ ಮುಚ್ಚಳ ಬಿಚ್ಚಿ, ಎಂಜಿನ್ ಕೈಯಿಂದ ತಿರುಗಿಸಿ, ಗುರುತುಗಳನ್ನು ತೋರಿಸಿದ. ಕೆಳಗಿನ ಗುರುತು ತನ್ನ ಜಾಗದಲ್ಲಿ ಕೂತಾಗ ಮೇಲಿನದು ಸರಿಯಾಗಿ ಒಂದು ಹಲ್ಲು ಪಕ್ಕಕ್ಕೆ. "ಒಂದ ಹಲ್ಲು ಆಚೀಚಿ ಆಗೇತ್ರಿ ಅಕ್ಕಾರ. ಟೆನ್ಷನರ್ ಬ್ಯಾರೆ ಹಳೇದ ಐತಿ. ಇನ್ನೂ ಒಂದೆರಡು ಹಲ್ಲು ಹಾರಿದ್ರ ವಾಲ್ವು ಪಿಸ್ಟನ್ನಿಗೆ ಬಡೀತಿತ್ತು."

ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ತಲೆಯ ಮೇಲೆ ಉಳಿಯುವ ಜಾಗ ಬಹಳ ಕಿರಿದು. ಆ ಹೊತ್ತಿಗೆ ವಾಲ್ವ್ ತೆರೆದು ಕೆಳಗೆ ಇಳಿದಿದ್ದರೆ ಎರಡೂ ಡಿಕ್ಕಿ. ವಾಲ್ವ್ ಬಗ್ಗುತ್ತದೆ, ಪಿಸ್ಟನ್ನಿಗೆ ಏಟು ಬೀಳುತ್ತದೆ, ಕ್ಯಾಮ್ ಮುರಿಯಲೂಬಹುದು. ಹೊಲಿಗೆ ಯಂತ್ರದ ಸೂಜಿ ಮುರಿದ ಹಾಗೇ. ಸೂಜಿ ಅಗ್ಗಕ್ಕೆ ಸಿಗುತ್ತದೆ, ಇದು ಸಿಗುವುದಿಲ್ಲ. ಎಂಜಿನ್ನಿನ ಹೆಡ್ ಇಳಿಸಿ ಮಾಡುವ ರಿಪೇರಿಗೆ ಬೆಲ್ಟ್ ಕಿಟ್ಟಿನ ಹಲವು ಪಟ್ಟು ಖರ್ಚು.

ಐರೋಲಿಯ ನಮ್ಮ ಗೆಳತಿಯೊಬ್ಬರಿಗೆ ಅದೂ ಆಯಿತು. ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ, ಬೆಲ್ಟ್ ಬದಲಾಗಿದೆ ಎಂಬ ಬಾಯಿಮಾತು, ಬಿಲ್ಲು ಇಲ್ಲ. ಥಾಣೆ-ಬೇಲಾಪುರ ರಸ್ತೆಯಲ್ಲಿ ಹೋಗುವಾಗ ಒಂದು ಸದ್ದೂ ಮಾಡದೆ ಬೆಲ್ಟ್ ತುಂಡಾಗಿ ಎಂಜಿನ್ ನಿಂತಿತು. ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಅವರು ಹೇಗೋ ಎಡಕ್ಕೆ ತಂದು ನಿಲ್ಲಿಸಿದರು. ಆಮೇಲೆ ಸಹಾಯಕ್ಕೆ ಬಂದವರೆಲ್ಲ ಸೇರಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿಸಿದರು. ಇದನ್ನು ಯಾವತ್ತೂ ಮಾಡಬೇಡಿ. ಓಡುತ್ತಿದ್ದ ಡೀಸೆಲ್ ಗಾಡಿ ಫಟ್ಟನೆ ನಿಂತು, ಕೀ ತಿರುಗಿಸಿದರೆ ಎಂದಿಗಿಂತ ಹಗುರವಾಗಿ ಗರಗರ ತಿರುಗಿತೆಂದರೆ ಕೀ ತೆಗೆದು ಟೋವಿಂಗ್ ಕರೆಯಿರಿ. ಪ್ರತಿ ಸಲ ಸ್ಟಾರ್ಟರ್ ತಿರುಗಿದಾಗಲೂ ಬಗ್ಗಿದ ವಾಲ್ವಿಗೆ ಮತ್ತೊಂದು ಏಟು.

ಹುಬ್ಬಳ್ಳಿಯಲ್ಲಿ ಬೆಲ್ಟು, ಟೆನ್ಷನರು, ಪುಲ್ಲಿ, ವಾಟರ್ ಪಂಪು, ಎಲ್ಲ ಹೊಸದು ಹಾಕಿಸಿದೆ. ನಮ್ಮ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಬಹಳ ಎಂಜಿನ್ನುಗಳಲ್ಲಿ ಹಾಗಿದೆ. ಹಳೆಯ ಪಂಪು ಸೋರಿದರೆ ನೀರು ಹೊಸ ಬೆಲ್ಟಿನ ಮೇಲೆ ಬೀಳುತ್ತದೆ, ಪಂಪು ಜಾಮ್ ಆದರೆ ಬೆಲ್ಟ್ ಹಲ್ಲು ಹಾರುತ್ತದೆ. ಒಂದೇ ಸಲ ಬಿಚ್ಚಿದಾಗ ಎಲ್ಲ ಹಾಕಿಬಿಟ್ಟರೆ ಕೂಲಿ ಒಂದೇ. ನಾನು ಬರೀ ಬೆಲ್ಟ್ ಸಾಕು ಎಂದು ಉಳಿಸಿದ ದುಡ್ಡು ಹುಬ್ಬಳ್ಳಿಯಲ್ಲಿ ಬಡ್ಡಿ ಸಮೇತ ಹೋಯಿತು.

ಸ್ಟೂಲ್ ಹಾಕಿಸಿಕೊಂಡು ಕೂತು ನಾನು ಕೆಲಸ ನೋಡಿದೆ. ಹಳೆಯ ಬೆಲ್ಟಿನ ಮೇಲೆ ಚಾಕ್ ಗುರುತು ಹಾಕಿ ಅದನ್ನೇ ಹೊಸದಕ್ಕೆ ನಕಲು ಮಾಡುವ ಅಭ್ಯಾಸ ಕೆಲವರಿಗಿದೆ. ಇವನು ಹಾಗೆ ಮಾಡಲಿಲ್ಲ. ಕ್ರ್ಯಾಂಕಿಗೊಂದು, ಕ್ಯಾಮಿಗೊಂದು ಲಾಕಿಂಗ್ ಪಿನ್ ತೂರಿಸಿ ಎರಡನ್ನೂ ಅಲುಗದಂತೆ ನಿಲ್ಲಿಸಿದ. ಬೆಲ್ಟ್ ಹಾಕಿದ, ಟೆನ್ಷನರ್ ಬಿಗಿಮಾಡಿದ. ತೀರಾ ಬಿಗಿಯಾದರೆ ಬೇರಿಂಗು ಕೂಗಿ ಸವೆಯುತ್ತದೆ, ಸಡಿಲಾದರೆ ಹಲ್ಲು ಹಾರುತ್ತದೆ. ಆಮೇಲೆ ಪಿನ್ ತೆಗೆದು, ಎಂಜಿನ್ನನ್ನು ಕೈಯಿಂದಲೇ ಪೂರಾ ಎರಡು ಸುತ್ತು ತಿರುಗಿಸಿ, ಮತ್ತೆ ಪಿನ್ ತೂರಿಸಿ ನೋಡಿದ. ಸಲೀಸಾಗಿ ಹೋಯಿತು. ಎರಡು ಸುತ್ತು ಯಾಕೆ? ಕೆಳಗಿನದು ಎರಡು ಸುತ್ತು ತಿರುಗಿದರೆ ಮೇಲಿನದು ಒಂದು ಸುತ್ತು ಮುಗಿಸಿ ಎಲ್ಲ ಗುರುತುಗಳೂ ಮೊದಲಿನ ಜಾಗಕ್ಕೆ ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ. ಎಲ್ಲೂ ತಡೆಯದೆ ತಿರುಗಿತೆಂದರೆ ವಾಲ್ವು ಪಿಸ್ಟನ್ನಿಗೆ ತಾಗುತ್ತಿಲ್ಲ ಎಂಬುದೂ ಗೊತ್ತಾಗುತ್ತದೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಮೊದಲ ಸಲ ಅದನ್ನು ಮಾಡಿದ್ದರೆ ಘಾಟಿನಲ್ಲಿ ಅವ್ವ ದೇವರ ನಾಮ ಹೇಳುತ್ತ ಕೂರಬೇಕಾಗಿರಲಿಲ್ಲ.

ಸಂಜೆ ಗಾಡಿ ಒಂದೇ ಏಟಿಗೆ ಎದ್ದಿತು. ಹೊಗೆ ಇಲ್ಲ. ವಾಪಸು ಬರುವಾಗ ಮೈಲೇಜ್ 18 ಕೊಟ್ಟಿತು.

ಹಾಗಾದರೆ ಹೊಸ ಟೈಮಿಂಗ್ ಬೆಲ್ಟ್ ಹಾಕಿದರೆ ಗಾಡಿಯ ಶಕ್ತಿ ಹೆಚ್ಚುತ್ತದೆಯೇ? ಇಲ್ಲ. ಹಳೆಯ ಬೆಲ್ಟ್ ಸರಿಯಾದ ಜಾಗದಲ್ಲೇ ಕೂತಿದ್ದರೆ, ಹೊಸದು ಹಾಕಿದ ಮೇಲೆ ನಿಮಗೆ ಯಾವ ವ್ಯತ್ಯಾಸವೂ ತಿಳಿಯಬಾರದು. ಸರಿಯಾದ ಕೆಲಸದ ಗುರುತೇ ಅದು. ವ್ಯತ್ಯಾಸ ತಿಳಿದರೆ ಎರಡೇ ಕಾರಣ. ಚೆನ್ನಾಗಿ ಆಯಿತೆಂದರೆ ಮೊದಲೇ ಏನೋ ತಪ್ಪಿತ್ತು, ಈಗ ಸರಿಹೋಯಿತು. ಕೆಟ್ಟಿತೆಂದರೆ ಈ ಕೆಲಸದಲ್ಲಿ ಏನೋ ತಪ್ಪಿದೆ. ಈ ಬೆಲ್ಟಿನೊಳಗೆ ಗಾಜಿನ ನಾರಿನಂಥ ಗಟ್ಟಿ ಎಳೆಗಳಿರುತ್ತವೆ. ಹೊಸ ಚಪ್ಪಲಿಯ ಹಾಗೆ ಹಾಕಿಕೊಂಡು ಹಾಕಿಕೊಂಡು ಸೆಟ್ ಆಗುವ ವಸ್ತು ಅದಲ್ಲ. ಹಲ್ಲು ತನ್ನ ಜಾಗದಲ್ಲಿ ಇದೆ ಇಲ್ಲವೇ ಇಲ್ಲ, ನಡುವೆ ಇನ್ನೊಂದು ಸ್ಥಿತಿ ಇಲ್ಲ. ಐನೂರು ಕಿಲೋಮೀಟರ್ ಓಡಿಸಿದರೂ ತಪ್ಪು ಹಲ್ಲು ತಾನಾಗಿ ಸರಿಹೋಗದು.

ಯಾವಾಗ ಬದಲಾಯಿಸಬೇಕು? ಎಂಜಿನ್ನಿಗೆ ತಕ್ಕಂತೆ 60,000ದಿಂದ 1,50,000 ಕಿಲೋಮೀಟರುವರೆಗೆ ಬೇರೆ ಬೇರೆ ಲೆಕ್ಕ ಇದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಪ್ರಮಾಣ. ಎಷ್ಟೋ ಪುಸ್ತಕಗಳಲ್ಲಿ ಕಿಲೋಮೀಟರಿನ ಜೊತೆಗೆ ಇಷ್ಟು ವರ್ಷ ಎಂದೂ ಇರುತ್ತದೆ, ಯಾವುದು ಮೊದಲೋ ಅದು. ನಾವು ಆ ಎರಡನೆಯ ಸಾಲು ಓದುವುದಿಲ್ಲ. ರಬ್ಬರ್ ಓಡಿದರೂ ಮುದಿಯಾಗುತ್ತದೆ, ನಿಂತರೂ ಮುದಿಯಾಗುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ನಮಗೆ ಗೊತ್ತಿಲ್ಲವೇ?

ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕ ಇದೆ. ಘೋಡ್‌ಬಂದರ್ ರಸ್ತೆ, ಶಿಳ್‌ಫಾಟಾ, ಮುಂಬ್ರಾ ಬೈಪಾಸ್, ಅಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ಗಂಟೆಗೆ 48,000 ಸುತ್ತು. ಹೈವೇಯಲ್ಲಿ 2,000ದಂತೆ ಗಂಟೆಗೆ 1,20,000 ಸುತ್ತು. ಅಂದರೆ ಎರಡೂವರೆ ಗಂಟೆ ಟ್ರಾಫಿಕ್ಕಿನಲ್ಲಿ ನಿಂತರೆ ಬೆಲ್ಟಿನ ಮಟ್ಟಿಗೆ ಒಂದು ಗಂಟೆ ಹೈವೇ ಓಡಿದಂತೆಯೇ. ಮೀಟರಿನಲ್ಲಿ ಮಾತ್ರ ಸೊನ್ನೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ನಮ್ಮ ಬೆಲ್ಟು ಸ್ವಲ್ಪ ಮೊದಲೇ ಬದಲಾದರೆ ನಷ್ಟವಿಲ್ಲ. ಇನ್ನು ಮಳೆ. 26 ಜುಲೈ 2005ರ ನೀರು ನೋಡಿದವರು ನಾವು. ಗಾಡಿ ಎಂಜಿನ್ ಮಟ್ಟಕ್ಕೆ ಮುಳುಗಿದ್ದರೆ ಮುಚ್ಚಳದೊಳಗೆ ಮಣ್ಣು, ಮರಳು ಸೇರಿರಬಹುದು. ಬೆಲ್ಟನ್ನು ಬಿಚ್ಚಿ ನೋಡಿಸದೆ ಮುಂದೆ ಓಡಿಸಬೇಡಿ.

ಈ ಮಾತು ಈಗ ಯಾಕೆ ಮುಖ್ಯ ಎಂದರೆ, 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಹಲವು ಕಂಪನಿಗಳು ಸಣ್ಣ ಡೀಸೆಲ್ ಕಾರುಗಳನ್ನು ನಿಲ್ಲಿಸಿದವು. ಅಂದರೆ ಎಂ.ಎಚ್. 04, 05, 43, 46 ನಂಬರಿನ ಎಷ್ಟೋ ಡೀಸೆಲ್ ಗಾಡಿಗಳು ಈಗ ಬೆಲ್ಟ್ ಬದಲಿಸುವ ವಯಸ್ಸಿಗೆ ಬಂದಿವೆ, ಕೈಯಿಂದ ಕೈಗೆ ಮಾರಾಟವೂ ಆಗುತ್ತಿವೆ. ಕೊಳ್ಳುವಾಗ ಬೆಲ್ಟಿನ ಬಿಲ್ಲು ಕೇಳಿ, ಅದರಲ್ಲಿ ತಾರೀಕು ಮತ್ತು ಕಿಲೋಮೀಟರು ನೋಡಿ. ಹಳೆಯ ಇನ್ನೋವಾದಂಥ ಗಾಡಿಗಳಲ್ಲಿ ಬೆಲ್ಟ್ ಬದಲಿಸುವ ಹೊತ್ತು ಬಂತೆಂದು ತೋರಿಸುವ ದೀಪವೇ ಇದೆ. ಆದರೆ ಆ ದೀಪ ಎಣಿಸುವುದು ಕಿಲೋಮೀಟರನ್ನು, ಬೆಲ್ಟಿನ ಸ್ಥಿತಿಯನ್ನಲ್ಲ. ಬೆಲ್ಟ್ ಬದಲಿಸದೆಯೇ ದೀಪ ಆರಿಸಬಹುದು. ದೀಪ ಆರಿದೆ ಎಂಬುದು ಪುರಾವೆಯಲ್ಲ, ಬಿಲ್ಲು ಪುರಾವೆ. ಬಿಲ್ಲಿಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿದು ಮೊದಲು ಅದನ್ನು ಮಾಡಿಸಿ.

ಕೊನೆಗೆ, ಗ್ಯಾರೇಜಿಗೆ ಹೋದಾಗ ಕೇಳಲು ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಮೊಬೈಲಿನಲ್ಲಿ ಬರೆದುಕೊಳ್ಳಿ. ಒಂದು, ಪೂರಾ ಕಿಟ್ ಹಾಕುತ್ತೀರಾ, ವಾಟರ್ ಪಂಪು ಇದೇ ಬೆಲ್ಟಿನಲ್ಲಿದೆಯೇ? ಎರಡು, ಈ ಎಂಜಿನ್ನಿನ ಲಾಕಿಂಗ್ ಪಿನ್ ನಿಮ್ಮಲ್ಲಿದೆಯೇ? ಮೂರು, ಬೆಲ್ಟ್ ಹಾಕಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡುತ್ತೀರಾ? ನಾಲ್ಕು, ಹಳೆಯ ಸಾಮಾನು ನನ್ನ ಕೈಗೆ ಕೊಡಿ, ಬಿಲ್ಲಿನಲ್ಲಿ ಕಿಲೋಮೀಟರ್ ಬರೆಯಿರಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಸಂತೋಷಪಡುತ್ತಾನೆ. ಸಿಟ್ಟಾದವನ ಹತ್ತಿರ ಗಾಡಿ ಬಿಡಬೇಡಿ.

ಇದರ ಜೊತೆಗೆ ಒಂದು ನೋಟ್‌ಬುಕ್. ಗಾಡಿ ದಿನಾ ಓಡಿಸುವವರಿಗೆ ಅದರ ಸದ್ದು, ಎಳೆತ, ವಾಸನೆ ಎಲ್ಲ ಗೊತ್ತಿರುತ್ತದೆ. ಒಗ್ಗರಣೆ ಸೀದದ್ದು ಪಕ್ಕದ ಕೋಣೆಯಿಂದಲೇ ತಿಳಿಯುವವರು ನಾವು. ಏನೋ ಸರಿ ಇಲ್ಲ ಎಂದು ನಿಮಗೆ ಅನಿಸಿದರೆ, "ನಿಮಗೆ ಹಾಗನಿಸುತ್ತದೆ ಅಷ್ಟೇ" ಎಂಬ ಮಾತಿಗೆ ಸುಮ್ಮನಾಗಬೇಡಿ. ಬಾಯಿಮಾತಿಗೆ ವಾದ ಬರುತ್ತದೆ, ಬರೆದ ಲೆಕ್ಕಕ್ಕೆ ಬರುವುದಿಲ್ಲ. ನಾನು ಹದಿನೈದು ದಿನ ಸುಮ್ಮನಿದ್ದೆ, ಬರೆದಿಟ್ಟದ್ದನ್ನು ನಾನೇ ನಂಬಲಿಲ್ಲ. ಆ ಹದಿನೈದು ದಿನದ ಕೊನೆಗೆ ಹೆತ್ತ ತಾಯಿಯನ್ನು ಹಿಂದೆ ಕೂರಿಸಿಕೊಂಡು ಘಾಟು ಹತ್ತಿದೆ. ಒಂದು ಹಲ್ಲು ತಪ್ಪಿದ್ದಕ್ಕೆ ಬರೀ ದಮ್ಮು ಹತ್ತಿತು. ಎರಡು ಮೂರು ತಪ್ಪಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಆ ಏರಿನಲ್ಲಿ ನೆನಪಾಗುತ್ತದೆ.

ಅವ್ವ ಮೊನ್ನೆ ಫೋನಿನಲ್ಲಿ ಕೇಳಿದಳು, "ಗಾಡಿ ಈಗ ಉಸಿರಾಡ್ತೈತೇನವಾ?" ಚಲೋ ಉಸಿರಾಡ್ತೈತಿ ಅಂದೆ. ಯುಗಾದಿಗೆ ಅದರಲ್ಲೇ ಹೋಗಿ ಅವಳನ್ನು ಕರೆತರಬೇಕು.